ಗಾಳದ ನೊಣ ಕಟ್ಟುವದರಲ್ಲಿ ಮಿತವ್ಯಯ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ದೂರದೇಶಗಳಲ್ಲಿ ಸಂಸಾರ ಹೂಡಿಕೊಂಡಿರುವದು ವಾಚಕರಿಗೆ ತಿಳಿದ ಸಂಗತಿಯೇ. ಅವರ ಕಾಗದಗಳಲ್ಲಿ ಅಡಿಗೆ, ಮಕ್ಕಳ ಓದು, ಅಲ್ಲಿಯ ಚಳಿ, ಇವುಗಳ ವಿಷಯವಾಗಿ ಪ್ರಶ್ನೆಗಳಿರುವದು ವಾಡಿಕೆ. ಆದರೆ ಸ್ಕಾಟ್ಲೆಂಡಿನ ಉತ್ತರಭಾಗದಲ್ಲಿ ನೆಲೆಸಿರುವ ಒಬ್ಬಾಕೆಯಿಂದ ಕಳೆದ ವರ್ಷ ಬಂದ ಕಾಗದವು ನಮ್ಮನ್ನು ತುಸು ತಬ್ಬಿಬ್ಬುಗೊಳಿಸಿತು. “ಅಕ್ಕನವರೇ, ಇಲ್ಲಿ ಮಕ್ಕಳಿಗೆ ಗಾಳದ ನೊಣ ಕಟ್ಟಲು ಕಲಿಸುತ್ತಿದ್ದೇನೆ. ಸಾಮಗ್ರಿಯ ಖರ್ಚು ತಾಳಲಾರದಷ್ಟಾಗಿದೆ. ಹೊಲಿಗೆಯ ತರಗತಿಯಲ್ಲಿ ಗೇಣು ನೂಲನ್ನೂ ವ್ಯರ್ಥವಾಗಗೊಡದಿದ್ದ ತಾವು ಏನಾದರೂ ಉಪಾಯ ಹೇಳಬೇಕು” ಎಂದು ಆಕೆ ಬರೆದಿದ್ದಳು.

ಸಂಗತಿಯೇನೆಂದರೆ, ಆಕೆಯ ಊರಿನ ಕೂಟದಲ್ಲಿ ಹನ್ನೆರಡು ಮಕ್ಕಳು ಸೇರಿದ್ದರು. ಮೊದಲ ತಿಂಗಳಲ್ಲಿಯೇ ಕೊಂಡು ತರಬೇಕಾದ ಸಾಮಾನುಗಳ ಪಟ್ಟಿಯನ್ನು ಕಂಡು ಇಬ್ಬರು ಹುಡುಗಿಯರು ಬರುವದನ್ನು ಬಿಟ್ಟರು. ಮನೆಯಲ್ಲಿ ಹಣವಿಲ್ಲವೆಂದು ಅವರು ಹೇಳಲಿಲ್ಲ, ಮನಸ್ಸಿಲ್ಲವೆಂದು ಹೇಳಿದರು. ಹಾಗೆ ಹೇಳುವ ಮಕ್ಕಳನ್ನು ನಾವು ಇಪ್ಪತ್ತು ವರ್ಷಗಳಿಂದ ನೋಡುತ್ತಿರುವದರಿಂದ, ನಮಗೆ ಗಾಳದ ಗಂಧವೇ ತಿಳಿಯದಿದ್ದರೂ ಈ ವಿಷಯವನ್ನು ಕೈಗೆತ್ತಿಕೊಂಡೆವು. ಬೇಸಿಗೆಯ ರಜೆಯಲ್ಲಿ ಆಕೆ ಊರಿಗೆ ಬಂದಾಗ ತನ್ನ ಪೆಟ್ಟಿಗೆಯನ್ನೂ ತಂದಳು. ಹದಿನೈದು ದಿನ ಹೊಲಿಗೆಯ ಕೋಣೆಯಲ್ಲಿ ಕುಳಿತು ನಾವಿಬ್ಬರೂ ಕಟ್ಟಿದೆವು, ಬಿಚ್ಚಿದೆವು, ಪುನಃ ಕಟ್ಟಿದೆವು. ಆಗ ಕಲಿತದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇವೆ.

ಗಾಳದ ನೊಣವೆಂದರೆ ನಿಜವಾದ ನೊಣವಲ್ಲ. ಶೀತಪ್ರದೇಶಗಳ ತಿಳಿನೀರಿನ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ವಾಸಿಸುತ್ತದೆ. ನೀರಿನಲ್ಲಿ ಹುಟ್ಟಿ, ಮರಿಯಾಗಿ ಕಲ್ಲುಗಳ ನಡುವೆ ಬೆಳೆದು, ಕಡೆಗೆ ರೆಕ್ಕೆ ಬಂದು ಮೇಲಕ್ಕೆ ಹಾರುವ ಸಣ್ಣ ಕೀಟಗಳು ಅದರ ಮುಖ್ಯ ಆಹಾರ. ಇಂಥ ಕೀಟವನ್ನು ಜೀವಂತವಾಗಿ ಕೊಕ್ಕೆಗೆ ಚುಚ್ಚಿದರೆ ಅದು ನಿಲ್ಲದು. ಅಷ್ಟು ಮೃದು, ಅಷ್ಟು ಹಗುರ. ಆದದರಿಂದ ಗರಿ, ತುಪ್ಪಳ, ನೂಲು ಇವುಗಳನ್ನು ಕೊಕ್ಕೆಯ ಮೇಲೆ ಸುತ್ತಿ ಕೀಟದ ಪ್ರತಿರೂಪವನ್ನು ಮಾಡುತ್ತಾರೆ. ಕೊಕ್ಕೆಯನ್ನು ಪುಟ್ಟದೊಂದು ಇಕ್ಕಳದಲ್ಲಿ ಕಚ್ಚಿಸಿ, ಮೊದಲು ನೂಲಿನ ಹಾಸು ಹಾಕಿ, ಬಾಲಕ್ಕೆ ನಾಲ್ಕೆಳೆ ಗರಿ, ಒಡಲಿಗೆ ಹೊಸೆದ ತುಪ್ಪಳ, ಕೊರಳಿಗೆ ಒಂದೆರಡು ಸುತ್ತು ಹುಂಜದ ಗರಿ ಕಟ್ಟಿ, ತಲೆಯ ಹತ್ತಿರ ಗಂಟು ಹಾಕಿದರೆ ಕೆಲಸ ಮುಗಿಯಿತು. ಕಸೂತಿ ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಈ ಬೇಟೆಯ ಗಾಳಿ ನಮ್ಮ ನಾಡಿಗೆ ಬೀಸಿಯೇ ಇಲ್ಲವೆಂದು ತಿಳಿಯಬಾರದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಹಿಂದೂಸ್ಥಾನದಲ್ಲಿ ಗಾಳ ಹಾಕುವ ವಿಷಯವಾಗಿ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಗ್ರಂಥವು 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿಯೇ.

ಇನ್ನು ಖರ್ಚಿನ ವಿಷಯಕ್ಕೆ ಬರೋಣ. ಹೊಸದಾಗಿ ಕಲಿಯುವವರು ಮಾಡುವ ಮೊದಲನೆಯ ತಪ್ಪು ಎಲ್ಲವೂ ಕೂಡಿದ ಸಿದ್ಧಪೆಟ್ಟಿಗೆಯೊಂದನ್ನು ಕೊಳ್ಳುವದು. ನಮ್ಮ ಶಿಷ್ಯೆಯೂ ಹಾಗೆಯೇ ಮಾಡಿದ್ದಳು. ಪೆಟ್ಟಿಗೆಯ ಚಿತ್ರವು ಮನೋಹರವಾಗಿತ್ತು. ಒಳಗೆ ಹಸುರು, ನೇರಳೆ, ಕಿತ್ತಳೆ ಬಣ್ಣದ ಗರಿಗಳು ಹಿಡಿಹಿಡಿಯಾಗಿದ್ದವು, ಕತ್ತರಿಯು ಕತ್ತರಿಸುತ್ತಿರಲಿಲ್ಲ, ಕೊಕ್ಕೆಗಳನ್ನು ಬೆರಳಿನಿಂದ ಒತ್ತಿದರೆ ನೆಟ್ಟಗಾಗುತ್ತಿದ್ದವು. ಅದರ ಮುಕ್ಕಾಲು ಪಾಲು ಇಂದಿಗೂ ಹಾಗೆಯೇ ಬಿದ್ದಿರುತ್ತದೆ. ಹೊಸ ಸೊಸೆಗೆ ಒಂದೇ ದಿನ ಅಂಗಡಿಯ ಪಾತ್ರೆಗಳನ್ನೆಲ್ಲ ಕೊಡಿಸಿ ಒಲೆಯನ್ನು ಮಾತ್ರ ಕೊಡಿಸದಿದ್ದ ಹಾಗಾಯಿತು ಇದು. ಮೊದಲು ಒಂದೇ ಜಾತಿಯ ನೊಣವನ್ನು ಆರಿಸಿಕೊಂಡು, ಅದಕ್ಕೆ ಬೇಕಾದಷ್ಟನ್ನೇ ತಂದು, ಅದನ್ನೇ ಇಪ್ಪತ್ತೈದು ಸಲ ಕಟ್ಟಿದ ಮೇಲೆ ಎರಡನೆಯದಕ್ಕೆ ಹೋಗುವದು ಲೇಸು. ಹಣ ಉಳಿಯುವದಲ್ಲದೆ ಕೈಯೂ ಪಳಗುತ್ತದೆ.

ಹಣ ಉಳಿಸಬಾರದ ಎಡೆಗಳೂ ಇವೆ. ಕೊಕ್ಕೆಯಲ್ಲಿ ಉಳಿಸಬಾರದು, ಗರಿಯು ಎಷ್ಟು ಅಂದವಾಗಿದ್ದರೂ ಮೀನನ್ನು ಹಿಡಿಯುವದು ಉಕ್ಕು. ಹತ್ತರ ಚೀಟಿಗಿಂತ ನೂರರ ಪೆಟ್ಟಿಗೆಯನ್ನು ಕೊಂಡರೆ ಒಂದೊಂದರ ಬೆಲೆಯು ಇಳಿಯುವದು. ಆದರೆ ಎಲ್ಲಾ ಅಳತೆಗಳನ್ನೂ ಕೊಳ್ಳದೆ ಎರಡನ್ನು ಮಾತ್ರ ಕೊಳ್ಳಬೇಕು. 12 ಮತ್ತು 14ನೆಯ ನಂಬರು ಮಕ್ಕಳಿಗೆ ಸಾಕು. ನಂಬರು ಹೆಚ್ಚಿದಂತೆ ಕೊಕ್ಕೆಯು ಚಿಕ್ಕದಾಗುವದೆಂಬದು ನೆನಪಿರಲಿ. ನಾವು ಮೊದಲು ತಲೆಕೆಳಗಾಗಿ ತಿಳಿದಿದ್ದೆವು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಟ್ಟರೆ ಮಕ್ಕಳ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಗೆ ಬರುವದು. ಕತ್ತರಿಯು ಚಿಕ್ಕದಾಗಿ, ಮೊನೆಯು ಹರಿತವಾಗಿರಬೇಕು. ಅದರಿಂದ ತಂತಿಯನ್ನು ಎಂದಿಗೂ ಕತ್ತರಿಸಕೂಡದು, ಅದಕ್ಕೆ ಮೊಂಡಾದ ಹಳೆಯ ಕತ್ತರಿಯೊಂದನ್ನು ಬೇರೆ ಇಟ್ಟುಕೊಳ್ಳಬೇಕು. ಒಳ್ಳೆಯ ಬೆಳಕು ಮೂರನೆಯದು. ಕಣ್ಣನ್ನು ಕಳಕೊಂಡು ದೀಪದ ಖರ್ಚನ್ನು ಉಳಿಸುವದು ಉಳಿತಾಯವಲ್ಲ.

ಮಿಕ್ಕದ್ದೆಲ್ಲವೂ ಬಹುಮಟ್ಟಿಗೆ ಮನೆಯಲ್ಲಿಯೇ ದೊರೆಯುವದೆಂದರೆ ಅತಿಶಯವಲ್ಲ. ಸವೆದುಹೋದ ಸ್ವೆಟರನ್ನು ಬಿಚ್ಚಿದರೆ ಒಡಲಿಗೆ ಬೇಕಾದ ಉಣ್ಣೆ ವರ್ಷಗಟ್ಟಲೆ ಸಾಕಾಗುವದು. ಕೆಟ್ಟುಹೋದ ವಿದ್ಯುದ್ಯಂತ್ರದ ಸುರುಳಿಯಲ್ಲಿ ಕೂದಲಿನಷ್ಟು ತೆಳ್ಳಗಾದ ತಾಮ್ರದ ತಂತಿಯಿದೆ. ಮಿಠಾಯಿಯ ಮೇಲಿನ ಬೆಳ್ಳಿಕಾಗದವನ್ನು ಎಳೆಯಾಗಿ ಕತ್ತರಿಸಿ ಒಡಲಿನ ಮೇಲೆ ಸುತ್ತಿದರೆ ಕೊಂಡು ತಂದ ಜರಿಗೂ ಇದಕ್ಕೂ ವ್ಯತ್ಯಾಸ ತೋರದು. ಕ್ರಿಸ್ಮಸ್ ಗಿಡದ ಅಲಂಕಾರದ ಎಳೆಗಳೂ ಆಗುತ್ತವೆ. ತಲೆಯ ಗಂಟಿನ ಮೇಲೆ ಹಚ್ಚುವದಕ್ಕೆ ಬಣ್ಣವಿಲ್ಲದ ಉಗುರಿನ ವಾರ್ನಿಷು ಸಾಕು. ನೂಲಿಗೆ ಉಜ್ಜಲು ಜೇನುಮೇಣ. ಗರಿಯನ್ನು ಬಿಗಿಹಿಡಿಯಲು ಕೂದಲಿನ ಕ್ಲಿಪ್ಪು. ತುಪ್ಪಳವನ್ನು ಕೆದರಲು ಹಲ್ಲುಜ್ಜಿ ಬಿಟ್ಟ ಬ್ರಷ್ಷು. ನೂಲಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಸಾಧಾರಣ ಹೊಲಿಗೆಯ ನೂಲು ದೊಡ್ಡ ಕೊಕ್ಕೆಗೆ ನಡೆಯುತ್ತದೆ. 14ನೆಯ ನಂಬರಿಗೆ ಅದು ದಪ್ಪವಾಗಿ ತಲೆಯು ಬದನೆಕಾಯಿಯಂತಾಗುತ್ತದೆ. ಅಲ್ಲಿ ಸಣ್ಣ ನೂಲನ್ನೇ ಕೊಳ್ಳಬೇಕು. ಆದರೆ ಮೂರು ಸುತ್ತು ಹಿಡಿಯುವಲ್ಲಿ ಹತ್ತು ಸುತ್ತು ಹಾಕುವ ಅಭ್ಯಾಸವನ್ನು ಬಿಟ್ಟರೆ ಒಂದು ಉಂಡೆಯು ಇಡೀ ಚಳಿಗಾಲಕ್ಕೆ ಬರುವದು.

ಇದೆಲ್ಲ ಬಡವರ ಕೈಲಾಗದ ಉಪಾಯವೆಂದು ಯಾರಾದರೂ ಹೇಳಿದರೆ, ಅವರಿಗೆ ಫ್ರಾಂಕ್ ಸಾಯರ್ ಎಂಬವನ ವೃತ್ತಾಂತವನ್ನು ತಿಳಿಸಬೇಕು. ಈತನು 1906ರಿಂದ 1980ರ ವರೆಗೆ ಬದುಕಿದ್ದವನು. ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತದಲ್ಲಿ ಏವನ್ ಹೊಳೆಯ ಕಾವಲುಗಾರ. ಹೊಳೆಯ ದಂಡೆಯಲ್ಲಿ ವರ್ಷಾಂತರ ನಿಂತು ನೀರಿನೊಳಗಿನ ಕೀಟದ ಮರಿಗಳನ್ನು ನೋಡುತ್ತಿದ್ದವನಿಗೆ ಒಂದು ಸಂಗತಿ ಹೊಳೆಯಿತು. ಈಜುವ ಮರಿಯು ತನ್ನ ಕಾಲುಗಳನ್ನು ಒಡಲಿಗೆ ಅಂಟಿಸಿಕೊಂಡು ಈಜುತ್ತದೆ. ಹಾಗಾದರೆ ಕಾಲುಗಳಿಗೆಂದು ಎಲ್ಲರೂ ಹಣ ಕೊಟ್ಟು ಕೊಂಡು ಸುತ್ತುತ್ತಿದ್ದ ಕೊರಳ ಗರಿಯು ಯಾತಕ್ಕೆ? ಸಾಯರನು ಅದನ್ನು ಬಿಟ್ಟನು. ನೂಲನ್ನೂ ಬಿಟ್ಟನು, ಅದರ ಬದಲು ತೆಳುವಾದ ತಾಮ್ರದ ತಂತಿಯಿಂದಲೇ ಕಟ್ಟಿದನು. ತಂತಿಯು ಗರಿಯನ್ನು ಹಿಡಿದಿಡುವದು, ಭಾರವಾಗಿ ನೊಣವನ್ನು ಮುಳುಗಿಸುವದು, ಕೀಟದ ಕೆಂಬಣ್ಣವನ್ನೂ ತೋರಿಸುವದು. ಒಂದು ವಸ್ತುವಿನಿಂದ ಮೂರು ಕೆಲಸ. ಉಳಿದದ್ದು ಫೆಸಂಟ್ ಹುಂಜದ ಬಾಲದ ಗರಿಯ ನಾಲ್ಕೆಳೆ ಮಾತ್ರ. ಒಂದೇ ಗರಿಯಿಂದ ಹತ್ತಾರು ನೊಣಗಳಾಗುತ್ತವೆ. ಇದನ್ನು ಅವನು 1958ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಇಂದಿಗೂ ಲೋಕದಲ್ಲೆಲ್ಲ ಬಳಕೆಯಲ್ಲಿರುವ ನೊಣಗಳಲ್ಲಿ ಇದು ಒಂದು. ನಮ್ಮ ಅಭಿಪ್ರಾಯದಲ್ಲಿ ಸಾಯರನು ಹಣವನ್ನು ಉಳಿಸಿದ್ದು ಜಿಪುಣತನದಿಂದಲ್ಲ, ಕಣ್ಣಿಟ್ಟು ನೋಡಿದ್ದರಿಂದ. ಮೀನು ನೋಡದೆ ಇರುವದನ್ನು ನಾವು ಯಾಕೆ ಕಟ್ಟಬೇಕು?

ಇದೇ ಸಾಯರನ ಇನ್ನೊಂದು ನೊಣದ ಕಥೆಯು ವಿಚಿತ್ರವಾಗಿದೆ. ತಂತಿಯ ಮೇಲೆ ಬರಿಯ ಉಣ್ಣೆಯನ್ನು ಸುತ್ತಿ ನೀರಿನ ಹುಳುವಿನಂತೆ ಮಾಡಿದ್ದು ಅದು. ಆ ಉಣ್ಣೆಯೋ ಕಾಲುಚೀಲದ ತೂತು ಮುಚ್ಚುವದಕ್ಕೆಂದು ಚಾಡ್ವಿಕ್ ಕಂಪನಿಯು ಮಾರುತ್ತಿದ್ದ 477ನೆಯ ನಂಬರಿನ ಬೂದುಬಣ್ಣದ ಉಣ್ಣೆ. ಒದ್ದೆಯಾದರೆ ಅದರಲ್ಲಿ ನಸುಗೆಂಪು ಮೂಡುತ್ತಿತ್ತು. ಯಾವ ಅಜ್ಜಿಯ ಹೊಲಿಗೆಪೆಟ್ಟಿಗೆಯಲ್ಲಿಯೂ ಸಿಕ್ಕುತ್ತಿದ್ದ ಈ ಉಣ್ಣೆಯ ತಯಾರಿಕೆಯು ಮುಂದೆ ನಿಂತುಹೋಯಿತು. ನಿಂತದ್ದೇ ತಡ, ಉಳಿದಿದ್ದ ಹಳೆಯ ಕಾರ್ಡುಗಳಿಗೆ ಗಾಳದವರು ಹರಾಜಿನಲ್ಲಿ ಮೈಮರೆತು ಬೆಲೆ ಕೊಡತೊಡಗಿದರು. ಕಾಲುಚೀಲದ ಉಣ್ಣೆಯು ಹೀಗೆ ಚಿನ್ನವಾಯಿತು! ಸೋವಿಯೆಂದು ಪ್ರಾರಂಭವಾದ ನೊಣಕ್ಕೂ ಆಶೆಯು ಅಂಟಿಕೊಂಡರೆ ಗತಿಯೇನಾಗುವದೆಂದು ನಮ್ಮ ಶಿಷ್ಯೆಯೊಡನೆ ಬಹಳ ನಕ್ಕೆವು. ಆಕೆಯ ಕೂಟದ ಮಕ್ಕಳು ಹತ್ತಿರದ ಬಣ್ಣದ ಯಾವದಾದರೂ ಉಣ್ಣೆಯನ್ನು ನೀರಲ್ಲಿ ಅದ್ದಿ ನೋಡಿ ಆರಿಸಿಕೊಳ್ಳುತ್ತಾರೆ. ಮೀನುಗಳು ಈ ವರೆಗೆ ಕಾರ್ಡಿನ ನಂಬರನ್ನು ಕೇಳಿರುವದಿಲ್ಲ.

ಆದರೆ ಎಲ್ಲವೂ ನಗೆಯ ಮಾತಲ್ಲ. 19ನೆಯ ಶತಮಾನದಲ್ಲಿ ಬ್ರಿಟನ್ನಿನ ಶ್ರೀಮಂತರು ಸಾಲ್ಮನ್ ಮೀನಿಗಾಗಿ ಕಟ್ಟಿಸುತ್ತಿದ್ದ ನೊಣಗಳ ಸಾಮಗ್ರಿಯ ಪಟ್ಟಿಯನ್ನು ಓದಿದರೆ ಬೆರಗಾಗುವದು. ಜಾಕ್ ಸ್ಕಾಟ್ ಎಂಬ ಒಂದೇ ನೊಣದಲ್ಲಿ ಅಮೇರಿಕೆಯ ಟೂಕನ್, ಮಕಾವ್ ಗಿಳಿ, ಚೀನಾದೇಶದ ಚಿನ್ನದ ಬಣ್ಣದ ಫೆಸಂಟ್, ನವಿಲು, ಹೀಗೆ ಭೂಮಂಡಲದ ಹಕ್ಕಿಗಳೆಲ್ಲ ಒಂದೆಡೆ ಸೇರುತ್ತವೆ. ವಿನೋದವೇನೆಂದರೆ, ಸಾಲ್ಮನ್ ಮೀನು ಸಮುದ್ರದಿಂದ ಹೊಳೆಗೆ ಮೊಟ್ಟೆಯಿಡಲು ಏರಿ ಬರುವಾಗ ಆಹಾರವನ್ನೇ ತಕ್ಕೊಳ್ಳುವದಿಲ್ಲ. ಆ ಬಣ್ಣಗಳು ಮೆಚ್ಚಿಸಿದ್ದು ಯಾರನ್ನು?

ಈ ಪಟ್ಟಿಯಲ್ಲಿ ನಮಗೆ ಸಂಬಂಧಪಟ್ಟ ಹೆಸರೊಂದು ಇದೆ. ಅವರು ‘ಜಂಗಲ್ ಕಾಕ್’ ಎಂದು ಕರೆಯುವ ಹಕ್ಕಿಯು ಬೇರೆ ಯಾವದೂ ಅಲ್ಲ. ಕೊಡಗು, ಮಲೆನಾಡುಗಳ ಕಾಡಂಚಿನಲ್ಲಿ ಬೆಳಗಾಗುವ ಮೊದಲೇ ಕೂಗುವ ನಮ್ಮ ಬೂದು ಕಾಡುಕೋಳಿಯ ಹುಂಜ. ಅದರ ಕೊರಳಿನ ಗರಿಗಳ ಮೇಲೆ ಮೇಣದ ಹನಿಯನ್ನು ಬಿಡಿಸಿದಂತೆ ಹಳದಿ, ಬಿಳಿ ಚುಕ್ಕೆಗಳಿವೆ. ನೊಣದ ತಲೆಯ ಎರಡು ಕಡೆಗೂ ಒಂದೊಂದು ಗರಿಯಿಟ್ಟರೆ ಕಣ್ಣಿನಂತೆ ತೋರುವದೆಂದು ಈ ಹಕ್ಕಿಯ ಕೊರಳಿನ ತೊಗಲು ಹಡಗುಗಳಲ್ಲಿ ದೇಶಾಂತರಕ್ಕೆ ಹೋಗುತ್ತಿತ್ತು. ಬ್ರಿಟನ್ನಿನಲ್ಲಿ ಟೋಪಿಗಳ ಅಲಂಕಾರಕ್ಕೆ ಹಕ್ಕಿಗಳನ್ನು ಕೊಲ್ಲುವದರ ವಿರುದ್ಧ ಸ್ತ್ರೀಯರು ಮುಂದಾಗಿ ನಡಿಸಿದ ಚಳವಳಿಯ ಫಲವಾಗಿ 1921ರಲ್ಲಿ ಗರಿಗಳ ಆಮದನ್ನು ತಡೆಯುವ ಕಾನೂನಾಯಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಈ ಕಾಡುಕೋಳಿಯನ್ನು ರಕ್ಷಿಸುತ್ತದೆ. ಈಗ ಬ್ರಿಟನ್ನಿನಲ್ಲಿ ಸಾಕಿದ ಹಕ್ಕಿಗಳ ಗರಿಯು ಸಿಕ್ಕುವದಾದರೂ ಬೆಲೆಯು ಬಹಳ. ಆದರೂ ಆಶೆಯು ಸತ್ತಿಲ್ಲ. 2009ರಲ್ಲಿ ಲಂಡನ್ನಿನಲ್ಲಿ ಸಂಗೀತ ಕಲಿಯುತ್ತಿದ್ದ ತರುಣನೊಬ್ಬನು ಟ್ರಿಂಗ್ ಊರಿನ ವಸ್ತುಸಂಗ್ರಹಾಲಯಕ್ಕೆ ರಾತ್ರಿ ನುಗ್ಗಿ 299 ಹಕ್ಕಿಗಳ ಒಣಗಿದ ತೊಗಲುಗಳನ್ನು ಕದ್ದನು. ಅವುಗಳಲ್ಲಿ ಕೆಲವನ್ನು ಪ್ರಕೃತಿಶಾಸ್ತ್ರಜ್ಞ ಆಲ್ಫ್ರೆಡ್ ರಸ್ಸೆಲ್ ವಾಲೇಸರು ಸಂಗ್ರಹಿಸಿದ್ದರು. ಗಾಳದ ನೊಣದ ಗರಿಗಾಗಿ ಇಷ್ಟು! ಅವುಗಳಲ್ಲಿ ಎಷ್ಟೋ ಗರಿಗಳು ತುಂಡುತುಂಡಾಗಿ ಮಾರಿಹೋದವು. ವಿದ್ಯೆಗೆ ಆದ ನಷ್ಟವು ತುಂಬಿ ಬರುವಂತಿಲ್ಲ.

ನಮ್ಮ ಶಿಷ್ಯೆಯ ಮಕ್ಕಳು ಕಾಡುಕೋಳಿಯ ಕಣ್ಣಿನ ಬದಲು ಗಿನಿಕೋಳಿಯ ಚುಕ್ಕೆಗರಿಯನ್ನು ಇಡುತ್ತಾರೆ. ಇಲ್ಲವೆ ಕಪ್ಪು ಗರಿಯ ಮೇಲೆ ಉಗುರುಬಣ್ಣದ ಒಂದು ಹನಿ ಬಿಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನಿಗೆ ‘ಕಾಲಿ ಡಾಗ್’ ಎಂಬ ನೊಣವು ಹೆಸರಾಗಿದೆ. ಕುರಿಕಾಯುವ ನಾಯಿಯ ಉದ್ದವಾದ ಕರಿಯ ಕೂದಲೇ ಅದರ ಮೂಲಸಾಮಗ್ರಿ. ನಾಯಿಯ ಮೈಬಾಚಿದರೆ ಸಾಮಗ್ರಿಯೂ ಆಯಿತು, ನಾಯಿಯೂ ಚೊಕ್ಕಟವಾಯಿತು.

ಹಳೆಯದನ್ನು ಬಿಚ್ಚಿ ಹೊಸದನ್ನು ಮಾಡುವ ವಿದ್ಯೆಯು ಈ ಕಲೆಯಲ್ಲಿ ಹಿರಿಯರಾದವರಿಗೂ ಗುರುವಾಗಿದೆ. ಸ್ಕಾಟ್ಲೆಂಡಿನ ಬ್ರೋರಾ ಎಂಬಲ್ಲಿ ಮೇಗನ್ ಬಾಯ್ಡ್ ಎಂಬ ಮಹಿಳೆಯು (1915–2001) ಒಂದು ಸಣ್ಣ ಮನೆಯ ಕಿಟಕಿಯ ಬಳಿ ಕುಳಿತು ಜೀವಮಾನವೆಲ್ಲ ನೊಣ ಕಟ್ಟಿದಳು. ತಾನು ಮಾತ್ರ ಮೀನು ಹಿಡಿಯುತ್ತಿರಲಿಲ್ಲ. ಬಾಲ್ಯದಲ್ಲಿ ಆಕೆಗೆ ಕಲಿಸಿದವನು ಹಳೆಯ ನೊಣಗಳನ್ನು ಬಿಚ್ಚಿಸಿ, ಅದೇ ಸಾಮಗ್ರಿಯನ್ನು ಇನ್ನೂ ಚಿಕ್ಕ ಕೊಕ್ಕೆಗೆ ಕಟ್ಟಿಸಿದನಂತೆ. ಚಿಕ್ಕದಕ್ಕೆ ಇಳಿದಷ್ಟೂ ಕೈಯ ತಪ್ಪು ಎದ್ದು ಕಾಣುವದರಿಂದ ಇದು ಒಳ್ಳೆಯ ಪಾಠಕ್ರಮವೆಂದು ನಾವು ಶಿಕ್ಷಕಿಯರಾಗಿ ಒಪ್ಪುತ್ತೇವೆ. 1971ರಲ್ಲಿ ಆಕೆಗೆ ಬ್ರಿಟಿಷ್ ಎಂಪೈರ್ ಪದಕವು ದೊರೆಯಿತು. ಅಮೇರಿಕೆಯ ನ್ಯೂಯಾರ್ಕ್ ಸಂಸ್ಥಾನದ ಕ್ಯಾಟ್ಸ್‌ಕಿಲ್ ಗುಡ್ಡಗಳಲ್ಲಿ ವಾಲ್ಟ್ ಮತ್ತು ವಿನ್ನಿ ಡೆಟ್ಟಿ ದಂಪತಿಗಳದೂ ಹೀಗೆಯೇ. ಕೈಗಾರಿಕೆಯ ಗುಟ್ಟನ್ನು ಹೇಳಿಕೊಡಲು ಅಲ್ಲಿಯ ಹಿರಿಯ ಕುಶಲಿಯೊಬ್ಬನು ಒಪ್ಪದಿರಲು, ಅವನ ನೊಣಗಳನ್ನೇ ಕೊಂಡು ತಂದು ಸುತ್ತುಸುತ್ತಾಗಿ ಬಿಚ್ಚಿ ಕಲಿತರು.

ತುಕ್ಕು ಹಿಡಿಯದ ಹಳೆಯ ಕೊಕ್ಕೆಗಳನ್ನು ಹೀಗೆ ಉಳಿಸಬಹುದು. ಸವೆದ ನೊಣದ ಬೆನ್ನಿನ ಮೇಲೆ ಬ್ಲೇಡನ್ನು ಎಳೆದರೆ ನೂಲು ತುಂಡಾಗಿ ಎಲ್ಲವೂ ಕಳಚಿ ಬರುವದು. ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಬೇಕು. ಜಾರಿದರೆ ಮೊಂಡು, ಕಚ್ಚಿದರೆ ಸರಿ. ಈ ಬ್ಲೇಡಿನ ಕೆಲಸವನ್ನು ದೊಡ್ಡವರೇ ಮಾಡಬೇಕು.

ಹುಂಜದ ಗರಿಗಳ ಮಾತು ಉಳಿಯಿತು. ನೀರಿನ ಮೇಲೆ ತೇಲುವ ನೊಣಕ್ಕೆ ಗಡುಸಾದ ಕೊರಳ ಗರಿ ಬೇಕು. ಇದಕ್ಕೆಂದೇ ಅಮೇರಿಕೆಯಲ್ಲಿ ಬೆಳೆಸಿದ ಹುಂಜದ ಉತ್ತಮವಾದ ಒಂದು ತೊಗಲಿಗೆ ನೂರು ಡಾಲರಿಗೂ ಮೀರಿ ಬೆಲೆಯುಂಟು. ನಾಲ್ಕು ಮನೆಗಳವರು ಕೂಡಿ ಒಂದನ್ನು ಕೊಂಡು ಹಂಚಿಕೊಳ್ಳುವದೇ ಮೇಲು. ಸ್ಪೇನ್ ದೇಶದ ಲಿಯೋನ್ ಪ್ರಾಂತದಲ್ಲಿ ಬೇರೊಂದು ಕ್ರಮವಿದೆ. ಅಲ್ಲಿ ಲಾ ವೆಸಿಲ್ಲಾ ಹಳ್ಳಿಯ ಸುತ್ತಲಿನ ರೈತರು ಹುಂಜವನ್ನು ಕೊಲ್ಲದೆ ವರ್ಷದಲ್ಲಿ ಕೆಲವು ಸಲ ಗರಿಗಳನ್ನು ಮಾತ್ರ ಕಿತ್ತು ತೆಗೆಯುತ್ತಾರೆ. ಆ ಸೀಮೆಯ ನೊಣಗಳನ್ನು ವರ್ಣಿಸುವ 1624ರ ಹಸ್ತಪ್ರತಿಯೂ ಇರುವದರಿಂದ ಇದು ಬಹಳ ಹಳೆಯ ಪದ್ಧತಿಯೆಂದು ತಿಳಿಯಬೇಕು. ನೀರಿನೊಳಗೆ ಮುಳುಗುವ ನೊಣಕ್ಕಾದರೋ ಮೃದುವಾದ ಗರಿಯೇ ಬೇಕು. ಅದಕ್ಕೆ ಸಾಧಾರಣ ಮನೆಕೋಳಿಯೇ ಆಗುವದು. ಟ್ರೌಟ್ ಮೀನು ಹೆಚ್ಚಿನ ಆಹಾರವನ್ನು ನೀರಿನೊಳಗೇ ತಿನ್ನುವದರಿಂದ, ಕೈ ಬಿಗಿಯಾಗಿರುವವರು ಮುಳುಗುವ ನೊಣಗಳಿಂದಲೇ ಪ್ರಾರಂಭಿಸಲಿ.

ಮನೆಕೋಳಿಯ ಗರಿಯೆಂದಾಗ ನಮ್ಮ ಅವಿವೇಕವೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಉತ್ಸಾಹದಿಂದ ಸಂತೆಯ ಕೋಳಿಯಂಗಡಿಯಿಂದ ಒಂದು ಚೀಲ ಗರಿ ತರಿಸಿ, ಎರಡು ಹಿಡಿ ಬೇವಿನೆಲೆಯೊಡನೆ ಹೊಲಿಗೆಯ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೆವು. ತೊಳೆಯಲಿಲ್ಲ. ಎರಡು ತಿಂಗಳ ಮೇಲೆ ಬಾಗಿಲು ತೆಗೆದರೆ ಗರಿಗಳು ಪುಡಿಯಾಗಿದ್ದವು. ಪಕ್ಕದ ಅರೆಯಲ್ಲಿ ಒಂಬತ್ತನೆಯ ತರಗತಿಯವರು ಹೆಣೆದಿಟ್ಟಿದ್ದ ಉಣ್ಣೆಯ ಟೋಪಿಗಳಲ್ಲಿ ಆರು ಜರಡಿಯಂತಾಗಿದ್ದವು. ಬಿಟ್ಟಿ ಗರಿಯ ಬೆಲೆ ಆರು ಟೋಪಿ! ಹುಡುಗಿಯರ ಮುಂದೆ ನಿಂತು ತಪ್ಪು ನಮ್ಮದೆಂದು ಹೇಳಿ ಉಣ್ಣೆಯನ್ನು ಕೊಡಿಸಿದೆವು. ತಂದ ಗರಿಯನ್ನು ಮೊದಲು ಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಹಲವು ದಿನ ಹಿಮಪೆಟ್ಟಿಗೆಯಲ್ಲಿಡಬೇಕು. ಅನಂತರವೂ ಉಣ್ಣೆಯಿಂದ ದೂರವಿಡಬೇಕು. ಬೇವಿನೆಲೆಯನ್ನು ನಂಬಬೇಡಿರಿ.

ಬಿಟ್ಟುಹೋದ ಇಬ್ಬರು ಹುಡುಗಿಯರ ಪೈಕಿ ಒಬ್ಬಳು ಕೂಟಕ್ಕೆ ಹಿಂತಿರುಗಿದ್ದಾಳೆಂದು ಆಕೆಯ ಇತ್ತೀಚಿನ ಕಾಗದದಿಂದ ತಿಳಿಯಿತು. ಪಟ್ಟಿಯನ್ನು ಈಗ ಹರಿದು ಹಾಕಿದೆ. ಕೊಕ್ಕೆ, ನೂಲುಗಳನ್ನು ಕೂಟದ ಹಣದಿಂದ ಒಟ್ಟಾಗಿ ಕೊಳ್ಳುತ್ತಾರೆ, ಮಿಕ್ಕದ್ದನ್ನು ಮನೆಗಳಿಂದ ತರುತ್ತಾರೆ. ಆ ಹುಡುಗಿಯು ತನ್ನ ಅಜ್ಜನ ಕಾಲುಚೀಲದ ಉಣ್ಣೆಯನ್ನು ತಂದಳಂತೆ. ಇನ್ನೊಬ್ಬಳು ಬಂದಿಲ್ಲ, ಆಕೆಯ ಮನೆಗೆ ಹೋಗಿ ಮಾತಾಡಬೇಕೆಂದು ನಾವು ಬರೆದಿದ್ದೇವೆ.

ಈ ಕೂಟಕ್ಕೆ ಸಹಾಯಮಾಡಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರು ಬೂದು, ಕಂದು, ಮಾಸಲು ಹಸುರು ಬಣ್ಣಗಳ ಉಣ್ಣೆಯ ತುಂಡುಗಳನ್ನು, ಒಗೆದು ಒಣಗಿಸಿ, ಶಾಲೆಯ ಹೊಲಿಗೆಯ ಕೋಣೆಗೆ ತಲುಪಿಸಬಹುದು; ಮಾರುದ್ದವಿದ್ದರೂ ಸಾಕು. ನವಿಲುಗರಿಯನ್ನಾಗಲಿ ಕಾಡುಹಕ್ಕಿಯ ಗರಿಯನ್ನಾಗಲಿ ದಯಮಾಡಿ ಕಳುಹಿಸಬೇಡಿರಿ. ಅವುಗಳನ್ನು ದೇಶದ ಹೊರಗೆ ಕಳುಹಿಸುವದು ಕಾನೂನಿಗೆ ವಿರುದ್ಧ. ನಾವು ಅವುಗಳನ್ನು ತೆಗೆದುಕೊಳ್ಳುವದಿಲ್ಲ.